ಮಾನಸಿಕ ಕಾಯಿಲೆಗಳ ಗುರುತು ಮತ್ತು ವರ್ಗೀಕರಣ: ಕಲಬುರಗಿ ಸೀಮೆಯ ನೋಟ

ಮನುಷ್ಯನ ಯೋಚನೆ, ಭಾವನೆ, ನಡವಳಿಕೆಗಳಲ್ಲಿ ಏರುಪೇರಾಗಿ, ಅದರಿಂದ ಅವನಿಗೆ ಸಂಕಟವಾಗುತ್ತಿದ್ದರೆ ಅಥವಾ ದುಡಿಮೆ, ಸಂಸಾರ, ಊಟ ನಿದ್ದೆಗಳು ಕೆಡುತ್ತಿದ್ದರೆ, ಆ ಸ್ಥಿತಿ ಬಹಳ ದಿನ ಉಳಿದರೆ ಅದನ್ನು ಮಾನಸಿಕ ಕಾಯಿಲೆ ಎನ್ನುತ್ತಾರೆ. ತೊಗರಿ ಒಣಗಿದ ವರ್ಷ ಸೇಡಂ ಸೀಮೆಯ ರೈತನಿಗೆ ನಾಲ್ಕು ರಾತ್ರಿ ನಿದ್ದೆ ಬಾರದಿದ್ದರೆ ಅದು ಕಾಯಿಲೆಯಲ್ಲ, ಕಷ್ಟ. ವಾರಗಟ್ಟಲೆ ಹಾಸಿಗೆ ಬಿಟ್ಟೇಳದೆ, ಮೊಮ್ಮಗು ಬಂದು ತೊಡೆಯ ಮೇಲೆ ಕೂತರೂ ಮನಸ್ಸು ಅರಳದಿದ್ದರೆ ಆಗ ವೈದ್ಯರು ನೋಡಬೇಕು. ಕಷ್ಟಕ್ಕೂ ಕಾಯಿಲೆಗೂ ನಡುವಿನ ಗೆರೆಯನ್ನು ಮೂರು ಸಂಗತಿಗಳು ತೋರಿಸುತ್ತವೆ: ಎಷ್ಟು ದಿನದಿಂದ ಇದೆ, ಎಷ್ಟು ತೀವ್ರವಾಗಿದೆ, ಬದುಕಿನ ಯಾವ ಕೆಲಸ ನಿಂತುಹೋಗಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಜನರ ಬಾಯಲ್ಲಿ ಈ ಕಾಯಿಲೆಗಳಿಗೆ ಈಗಾಗಲೇ ಒಂದು ವಿಂಗಡಣೆ ಇದೆ. ‘ತೆಲಿ ಕೆಟ್ಟದ’ ಎಂದರೆ ಒಂದು, ‘ಗಾಳಿ ಸೋಕ್ಯದ’ ಎಂದರೆ ಇನ್ನೊಂದು, ‘ಚಿಂತಿ ಹತ್ಯದ’ ಎಂದರೆ ಮತ್ತೊಂದು, ‘ಚಟಕ್ಕ ಬಿದ್ದಾನ’ ಎಂದರೆ ಮಗದೊಂದು. ಜನ ಕಣ್ಣಾರೆ ಕಂಡು ಮಾಡಿಕೊಂಡ ಈ ವಿಂಗಡಣೆಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದೇ ದೊಡ್ಡ ಕೊರತೆ: ಕೂಗಾಡುವ ಕಾಯಿಲೆ ಮಾತ್ರ ಅದಕ್ಕೆ ಕಾಣುತ್ತದೆ, ಮೂಲೆಯಲ್ಲಿ ಸುಮ್ಮನೆ ಕೂತ ಕಾಯಿಲೆ ಕಾಣುವುದಿಲ್ಲ. ಖಿನ್ನತೆಯಿಂದ ನರಳುವ ಹೆಣ್ಣುಮಗಳು ‘ನನಗ ಬ್ಯಾಸರದ’ ಎಂದು ಹೇಳುವುದು ಕಡಿಮೆ. ‘ಎದಿ ಧಡಧಡ ಅಂತದ್ರಿ, ಕೈಕಾಲು ಸೆಳೀತಾವ, ತೆಲಿ ಸುಡ್ತದ’ ಎನ್ನುತ್ತಾಳೆ. ಎದೆಯ ಇಸಿಜಿ ಪಟ್ಟಿ ತೆಗೆಸಿ, ರಕ್ತ ನೋಡಿ, ಶಕ್ತಿಗೆಂದು ಸಲೈನ್ ಹಾಕಿಸಿಕೊಂಡು ಮನೆಗೆ ಮರಳುತ್ತಾಳೆ. ವೈದ್ಯರು ‘ಯವ್ವಾ, ಮೊದಲ್ಯಾವ ಕೆಲಸ ಮನಸ್ಸಿಗಿ ಹಿಡೀತಿತ್ತು? ಈಗ ಹಿಡೀತದೇನು?’ ಎಂದು ಕೇಳಿದ ದಿನ ಅವಳ ಕಾಯಿಲೆಯ ಗುರುತು ಹತ್ತುತ್ತದೆ.

ವರ್ಗೀಕರಣ ಯಾಕೆ ಬೇಕು ಎಂಬುದಕ್ಕೆ ಒಂದೇ ಲಕ್ಷಣವನ್ನು ತೆಗೆದುಕೊಂಡು ನೋಡಬಹುದು: ಇಲ್ಲದ್ದು ಕಾಣುವುದು, ಇಲ್ಲದ ಮಾತು ಕೇಳುವುದು. ಜ್ವರ ಏರಿದವನು ಸನ್ನಿಯಲ್ಲಿ ಹೀಗೆ ಬಡಬಡಿಸುತ್ತಾನೆ. ಅವನ ಚಿಕಿತ್ಸೆ ಜ್ವರದ ಮೂಲದಲ್ಲಿದೆ. ಹಲವು ವರ್ಷ ದಿನಾ ಕುಡಿದವನೊಬ್ಬ ಅಯ್ಯಪ್ಪನ ಮಾಲೆ ಹಾಕಿಕೊಂಡು ಕುಡಿತವನ್ನು ಒಮ್ಮೆಲೇ ಬಿಟ್ಟನೆನ್ನಿ. ಎರಡು ಮೂರು ದಿನಕ್ಕೆ ಕೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳ ಹಾವು ಕಾಣತೊಡಗಿದರೆ ಅದು ಮದ್ಯ ಬಿಟ್ಟಾಗಿನ ಸನ್ನಿ. ಅದು ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಕಾಲೇಜಿಗೆ ಹೋಗುವ ಹುಡುಗನಿಗೆ ಜ್ವರವಿಲ್ಲ, ಕುಡಿತವಿಲ್ಲ, ಆದರೆ ತಿಂಗಳಿಗೂ ಹೆಚ್ಚು ಕಾಲದಿಂದ ತನ್ನನ್ನು ಬೈಯುವ ದನಿಗಳು ಕೇಳುತ್ತಿವೆ, ಊರವರೆಲ್ಲ ತನ್ನ ಮೇಲೆ ಸಂಚು ಮಾಡಿದ್ದಾರೆಂದು ನಂಬಿದ್ದಾನೆ. ಇಲ್ಲಿ ಸ್ಕಿಜೋಫ್ರೀನಿಯಾ ಇರಬಹುದೇ ಎಂದು ವೈದ್ಯರು ನೋಡುತ್ತಾರೆ. ಮೂವರಿಗೂ ಊರವರು ಹೇಳುವುದು ‘ಗಾಳಿ ಸೋಕ್ಯದ’ ಎಂದೇ. ಮೂವರ ಚಿಕಿತ್ಸೆಯ ದಾರಿ ಬೇರೆ ಬೇರೆ.

ಹಾಗಾಗಿ ಮನೋವೈದ್ಯರು ಮೊದಲು ದೇಹದ ಕಾರಣವನ್ನು ಹುಡುಕುತ್ತಾರೆ: ಥೈರಾಯ್ಡ್, ರಕ್ತಹೀನತೆ, ಮಿದುಳಿನ ಸೋಂಕು, ಔಷಧದ ಅಡ್ಡಪರಿಣಾಮ. ಆಮೇಲೆ ಮದ್ಯ ಮಾದಕಗಳನ್ನು ನೋಡುತ್ತಾರೆ. ಇವೆರಡೂ ಅಲ್ಲವೆಂದು ತಿಳಿದ ಮೇಲೆಯೇ ಉಳಿದ ಹೆಸರುಗಳತ್ತ ಬರುತ್ತಾರೆ. ದೇಹದ ಕಾರಣ ಹುಡುಕುವಾಗಲೇ ಇನ್ನೊಂದನ್ನೂ ಬೇರ್ಪಡಿಸಬೇಕು: ಮೂರ್ಛೆರೋಗ ಅಂದರೆ ಫಿಟ್ಸ್ ಮಾನಸಿಕ ಕಾಯಿಲೆಯಲ್ಲ, ನರಸಂಬಂಧಿ ಕಾಯಿಲೆ.

ವರ್ಗೀಕರಣ ಹೊಸದೇನಲ್ಲ: ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ (ಮೂರೂ ದೋಷ ಸೇರಿದ್ದು), ಆಗಂತು (ಹೊರಗಿನ ಕಾರಣದ್ದು) ಎಂದು ಐದಾಗಿ ವಿಂಗಡಿಸಿದ್ದು ಚರಕಸಂಹಿತೆ. ಈಗ ಜಗತ್ತಿನಲ್ಲಿ ಬಳಕೆಯಲ್ಲಿರುವ ಪಟ್ಟಿಗಳು ಎರಡು. ಮೊದಲನೆಯದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಅದರ 11ನೇ ಆವೃತ್ತಿಯನ್ನು 2019ರಲ್ಲಿ ಅಂಗೀಕರಿಸಲಾಯಿತು, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಎರಡನೆಯದು ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ಮೊದಲು ಹೊರತಂದ ಡಿಎಸ್‌ಎಂ, ಅದರ ಐದನೇ ಆವೃತ್ತಿ ಬಂದದ್ದು 2013ರಲ್ಲಿ. ನಮ್ಮ ಆಸ್ಪತ್ರೆಗಳ ಕಾಗದಗಳಲ್ಲಿ ಐಸಿಡಿಯ 10ನೇ ಆವೃತ್ತಿಯ ಗುರುತುಗಳು ಹೆಚ್ಚು ಪರಿಚಿತ: ಎಫ್10 ಎಂದರೆ ಮದ್ಯದ ಸಮಸ್ಯೆ, ಎಫ್20 ಎಂದರೆ ಸ್ಕಿಜೋಫ್ರೀನಿಯಾ, ಎಫ್31 ಎಂದರೆ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಗ್ಗುವ ಕಾಯಿಲೆ), ಎಫ್32 ಎಂದರೆ ಖಿನ್ನತೆ. ಬುದ್ಧಿ ಬೆಳವಣಿಗೆಯ ತೊಂದರೆಗಳು, ಆತಂಕ, ಗೀಳು, ಆಘಾತದ ನಂತರದ ತೊಂದರೆ, ವ್ಯಕ್ತಿತ್ವದ ತೊಂದರೆ, ಮುಪ್ಪಿನ ಮರೆವು ಇವಕ್ಕೂ ಬೇರೆ ಬೇರೆ ಗುಂಪುಗಳಿವೆ.

ಹೆಸರು ಸರಿಯಾದರೆ ಔಷಧ ಸರಿಯಾಗುತ್ತದೆ, ಔಷಧದ ಎಚ್ಚರವೂ ತಿಳಿಯುತ್ತದೆ. ಬೈಪೋಲಾರ್ ಇರುವವರಿಗೆ ಲಿಥಿಯಂ ಕೊಡುವುದುಂಟು. ಕಲಬುರಗಿಯ ಬೇಸಿಗೆಯಲ್ಲಿ, ಅದರಲ್ಲೂ ಶಹಾಬಾದಿನ ಕಲ್ಲಿನ ಗಣಿಯಂಥ ಬಯಲಿನಲ್ಲಿ ದುಡಿದು ಬೆವರಿ, ನೀರು ಕಡಿಮೆ ಕುಡಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ನಡುಕ, ವಾಂತಿ, ಭೇದಿ, ತೂರಾಟ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಸೀಮೆಯ ರೋಗಿಗಳ ಮನೆಯವರಿಗೆ ಮಾರ್ಚ್ ಬರುವ ಮೊದಲೇ ಇದನ್ನು ಹೇಳಿಕೊಡಬೇಕು.

ಪಟ್ಟಿಗಳು ಕಲ್ಲಿನ ಮೇಲೆ ಕೆತ್ತಿದವಲ್ಲ. ಸಲಿಂಗಕಾಮವನ್ನು 1973ರಲ್ಲಿ ಅಮೆರಿಕದ ಸಂಘ ಕಾಯಿಲೆಗಳ ಸಾಲಿನಿಂದ ಕೈಬಿಟ್ಟಿತು, 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕೈಬಿಟ್ಟಿತು. ಮೈಮೇಲೆ ಬರುವುದರ ವಿಷಯದಲ್ಲೂ ಐಸಿಡಿ ಎಚ್ಚರದಿಂದ ನಡೆದಿದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ‘ಗಾಳಿ ಸೋಕಿದವರನ್ನು’ ಕರೆತರುವುದು ಈ ಜಿಲ್ಲೆಯ ಹಳೆಯ ರೂಢಿ. ಸಮುದಾಯ ಒಪ್ಪಿದ ಪೂಜೆ ಆಚರಣೆಯ ಒಳಗೆ ಮೈಮೇಲೆ ಬಂದರೆ ಅದನ್ನು ಐಸಿಡಿ ಕಾಯಿಲೆ ಎನ್ನುವುದಿಲ್ಲ. ಆಚರಣೆಯ ಹೊರಗೆ, ಮನಸ್ಸಿಗೆ ವಿರುದ್ಧವಾಗಿ, ಮತ್ತೆ ಮತ್ತೆ ಬಂದು ಬದುಕು ಕೆಡಿಸಿದರೆ ಮಾತ್ರ ಕಾಯಿಲೆ ಎನ್ನುತ್ತದೆ. ಕರ್ನಾಟಕದಲ್ಲೇ ಉಡುಪಿ ಬಳಿಯ ಕೋಟದಲ್ಲಿ ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಮಾನಸಿಕ ಕಾಯಿಲೆಗಳ ಅಧ್ಯಯನ ನಡೆಸಿ, ಅದನ್ನು 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿನ ಜನರಿಗೆ ಹೊಂದುವ ಪ್ರಶ್ನಾವಳಿ ಸಿದ್ಧಪಡಿಸಿದರು, ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಇವರ ಬಳಿಗೆ ಜನ ಹೋಗುವ ಬಗೆಯನ್ನೂ ಬರೆದಿಟ್ಟರು. ದೇವರಿಗೆ ಹರಕೆ ಹೊತ್ತವರು ಮಾತ್ರೆಯನ್ನೂ ತೆಗೆದುಕೊಳ್ಳಬಹುದು. ಸರಪಳಿ ಹಾಕುವುದು, ಹೊಡೆಯುವುದು, ಉಪವಾಸ ಕೆಡವುವುದು ಮಾತ್ರ ಯಾವ ಹೆಸರಿನಲ್ಲೂ ಸಲ್ಲದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಕಾಯಿಲೆಯನ್ನು ತೀರ್ಮಾನಿಸುವಾಗ ಐಸಿಡಿಯಂಥ ಒಪ್ಪಿತ ವೈದ್ಯಕೀಯ ಮಾನದಂಡವನ್ನೇ ಅನುಸರಿಸಬೇಕು, ಜಾತಿ, ಧರ್ಮ, ಬಡತನ, ಸಮಾಜದ ರೀತಿರಿವಾಜು ಮುರಿದದ್ದು ಇವು ಕಾರಣವಾಗಬಾರದು ಎಂದೂ ಅದು ಹೇಳುತ್ತದೆ. ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯದ 21 ಬಗೆಗಳಲ್ಲಿ ಸೇರಿಸಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ರೋಗದ ಹೆಸರು ಬೇಕು.

ದೊಡ್ಡ ಮಾನಸಿಕ ಆಸ್ಪತ್ರೆಗಳಿರುವ ಊರುಗಳು ಇಲ್ಲಿಂದ ದೂರ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಈಗಿನ ರೂಪ ಪಡೆದದ್ದು 1974ರಲ್ಲಿ. ಧಾರವಾಡದ ಮಾನಸಿಕ ಆಸ್ಪತ್ರೆ ಅದಕ್ಕೂ ಬಹಳ ಹಳೆಯದು. ವಾಡಿ, ಚಿತ್ತಾಪುರ, ಸೇಡಂ ಮೂಲಕ ತಾಂಡೂರಿನತ್ತ ಹೋಗುವ ರೈಲಿನಲ್ಲಿ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಗೆ ಹೋಗುವವರೂ ಇದ್ದಾರೆ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರುವ ಪ್ರಯೋಗವನ್ನು ನಿಮ್ಹಾನ್ಸ್ ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಮಾಡಿತು. ಆ ಮಾದರಿಯ ಮೇಲೆಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ತಪಾಸಣೆಯನ್ನು ರೂಪಿಸಲಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವವರು ತಮ್ಮ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ‘ನಿದ್ದಿ ಬರವಲ್ದು’ ಎಂದರೂ ಸಾಕು.