ಕಮ್ಮಾರನನ್ನ ಯಾರೂ ಕೇಳಲಿಲ್ಲ

ಹೋದ ವರ್ಷ ಸರಗೂರಿನಿಂದ ಅತ್ತಿಗೆ ಫೋನ್ ಮಾಡಿದ್ರು. ಮನೇಲೇ ರಾಗಿ ಹುರಿಹಿಟ್ಟು ಮಾಡಿ ಮಾರೋದಕ್ಕೆ ಅಂತ ಸಂಘದಲ್ಲಿ ಸಾಲ ತಗೊಂಡಿದ್ರು. ಪ್ಯಾಕೆಟ್ಟಿಗೆ ಎರಡು ಡಿಸೈನ್ ಇತ್ತು. ಒಂದು, ಒಳಗಿನ ಹಿಟ್ಟು ಕಾಣೋ ಮಾಮೂಲಿ ಕವರ್, ಮೇಲೊಂದು ಚೀಟಿ. ಇನ್ನೊಂದು, ಜಿಪ್ ಇರೋ, ತಾನಾಗೇ ನಿಂತ್ಕೊಳ್ಳೋ ಬಣ್ಣದ ಪೌಚ್. "ನೀನು ಕಂಪ್ಯೂಟರ್ ಓದಿದೋನು, ಯಾವ್ದು ಮಾಡ್ಸನ ಹೇಳಪ್ಪ" ಅಂದ್ರು.

ನಾನು ಎಂಜಿನಿಯರ್ ಅಲ್ವಾ, ಅಭಿಪ್ರಾಯ ಹೇಳಲಿಲ್ಲ, ಸರ್ವೆ ಮಾಡಿದೆ! ಎರಡೂ ಫೋಟೊ ಹಾಕಿ ಒಂದು ಗೂಗಲ್ ಫಾರ್ಮ್ ಮಾಡಿ, ಆಫೀಸಿನ ಗ್ರೂಪಿಗೂ ಅಪಾರ್ಟ್‌ಮೆಂಟಿನ ಗ್ರೂಪಿಗೂ ಕಳಿಸಿದೆ. ಹೆಚ್ಚುಕಮ್ಮಿ ಎಲ್ಲರೂ ಪೌಚ್ ಅಂದ್ರು. ಅತ್ತಿಗೆ ಸಾವಿರ ಪೌಚ್ ಪ್ರಿಂಟ್ ಹಾಕಿಸಿದ್ರು. ಮೂರು ತಿಂಗಳಾದ್ರೂ ಅರ್ಧ ಕೂಡ ಖರ್ಚಾಗಲಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಬರ್ತಿತ್ತು.

ಎಲ್ಲಿ ತಪ್ಪಿತು ಅಂತ ತಲೆ ಕೆರ್ಕೊಳ್ತಿದ್ದಾಗ ನೆನಪಾಗಿದ್ದು ಹಿಂದೆ ಓದಿದ್ದ ಒಂದು ನೇಗಿಲಿನ ಕತೆ. ಅದು ನಡೆದದ್ದು ದೂರ ಎಲ್ಲೋ ಅಲ್ಲ, ನಮ್ಮ ಪಕ್ಕದ ಮಂಡ್ಯ ಜಿಲ್ಲೆಯಲ್ಲಿ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನೋ ಸಂಶೋಧಕಿ ಮಂಡ್ಯಕ್ಕೆ ಬಂದರು. ಹುಟ್ಟಿದ್ದು 1922ರಲ್ಲಿ, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದಮೇಲೆ ಹಳ್ಳಿಗಳು ಹೇಗೆ ಬದಲಾದವು ಅಂತ ನೋಡೋದು ಅವರ ಉದ್ದೇಶ. ಎರಡು ಊರು ಆರಿಸಿಕೊಂಡರು. ಒಂದಕ್ಕೆ ನೀರು ಬಂದಿತ್ತು, ಇನ್ನೊಂದು ಒಣ ಭೂಮಿಯಾಗೇ ಉಳಿದಿತ್ತು. ಪುಸ್ತಕದಲ್ಲಿ ಅವಕ್ಕೆ 'ವಂಗಲ', 'ದಲೇನ' ಅಂತ ಬೇರೆ ಹೆಸರಿಟ್ಟರು. 1956ರವರೆಗೆ ಅಲ್ಲಿದ್ದು, ಯಾರ ಮನೆಗೆ ಏನು ಬರುತ್ತೆ, ಏನು ಹೋಗುತ್ತೆ, ಯಾರು ಯಾರಿಗೆ ಏನು ಕೊಡ್ತಾರೆ ಎಲ್ಲಾ ಲೆಕ್ಕ ಹಾಕಿದರು. 1962ರಲ್ಲಿ ಪುಸ್ತಕ ಬಂತು.

ನೀರು ಬಂದ ವಂಗಲದಲ್ಲಿ ಕೆಲವು ರೈತರು ಕಬ್ಬಿಣದ ನೇಗಿಲು ತಂದರು. ಮರದ್ದಕ್ಕಿಂತ ಆಳ ಉಳುತ್ತೆ. ಆಗ ಯಾರಾದ್ರೂ ಎರಡೂ ನೇಗಿಲು ಮುಂದಿಟ್ಟು "ಯಾವುದು ವಾಸಿ?" ಅಂತ ಕೇಳಿದ್ದರೆ ಕಬ್ಬಿಣದ್ದೇ ಗೆಲ್ಲುತ್ತಿತ್ತು ಅಂತ ನನ್ನ ಅಂದಾಜು. ಆದರೂ ಊರು ಮರದ ನೇಗಿಲಿಗೇ ವಾಪಸ್ ಹೋಯಿತು.

ಕಾರಣ ಇದ್ದದ್ದು ಕುಲುಮೆಯಲ್ಲಿ. ಊರಿನ ಕಮ್ಮಾರನಿಗೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಇಂತಿಷ್ಟು ದವಸ ಅಂತ ಹಿಂದಿನಿಂದ ನಡೆದುಬಂದ ಲೆಕ್ಕ. ಕಬ್ಬಿಣದ ನೇಗಿಲಿನ ರಿಪೇರಿ ಅಂದ್ರೆ ಹೆಚ್ಚಿನ ಕೆಲಸ. ಹಳೇ ದವಸಕ್ಕೆ ಇದು ಗಿಟ್ಟಲ್ಲ, ದುಡ್ಡು ಕೊಡಿ ಅಂತ ಅವನು ಪಟ್ಟು ಹಿಡಿದ. ರೈತರು ಕೊಡೋಕೆ ಒಪ್ಪಲಿಲ್ಲ. ರಿಪೇರಿ ಇಲ್ಲದ ನೇಗಿಲು ತಗೊಂಡು ಏನು ಮಾಡೋದು?

ಇದನ್ನ ಕೇಳಿದ ತಕ್ಷಣ "ಹಳ್ಳಿಯವರು ಹಾಗೇ ಬಿಡಿ, ಹೊಸದು ಬೇಡ ಅಂತಾರೆ" ಅನ್ನೋದು ಸುಲಭ. ಎಪ್‌ಸ್ಟೈನ್ ಹಾಗನ್ನಲಿಲ್ಲ. ಬೆಳೆ ಹೆಚ್ಚಾಗಲಿ ಕಡಿಮೆಯಾಗಲಿ, ಕೊಡೋ ದವಸ ಅಷ್ಟೇ. ಒಳ್ಳೇ ವರ್ಷದಲ್ಲಿ ಮಿಕ್ಕಿದ್ದು ರೈತನಿಗೆ, ಕೆಟ್ಟ ವರ್ಷದಲ್ಲೂ ಕಮ್ಮಾರ, ಕೂಲಿಯವರು ಉಪವಾಸ ಬೀಳಲ್ಲ. ಮಳೆ ನಂಬಿದ ಊರಿಗೆ ಅದೊಂಥರಾ ಇನ್ಶೂರೆನ್ಸ್. ನೇಗಿಲಿನ ಡಿಸೈನ್ ಬದಲಾಯಿಸೋದು ಅಂದ್ರೆ ಆ ಇನ್ಶೂರೆನ್ಸಿಗೇ ಕೈ ಹಾಕಿದಂತೆ. ಇಂಥ ಸಂಗತಿ "ಎ ಇಷ್ಟಾನಾ, ಬಿ ಇಷ್ಟಾನಾ" ಅನ್ನೋ ಪ್ರಶ್ನೆಗೆ ಸಿಕ್ಕೋದಲ್ಲ.

ಅವರು 1970ರಲ್ಲಿ ಮತ್ತೆ ಅದೇ ಊರುಗಳಿಗೆ ಬಂದು ನೋಡಿದರು. ಮುಂದೆ ಕಂಪನಿಗಳ ಮಾರ್ಕೆಟ್ ರಿಸರ್ಚ್ ವಿಧಾನವನ್ನ ಆಯಾ ಜನರ ರೀತಿನೀತಿಗೆ ಹೊಂದಿಸಿ, ಅಭಿವೃದ್ಧಿ ಕೆಲಸಕ್ಕೆ ಬಳಸೋದು ಹೇಗೆ ಅಂತ 1988ರಲ್ಲಿ ಕೈಪಿಡಿಯನ್ನೇ ಬರೆದರು. ಮಂಡ್ಯದ ಆ ಎರಡು ಊರು ಇರದಿದ್ದರೆ ಆ ಕೈಪಿಡಿ ಹಾಗೆ ಬರುತ್ತಿರಲಿಲ್ಲ ಅಂತ ನನಗನ್ಸುತ್ತೆ.

ಈಗ ನನ್ನ ಸರ್ವೆ ನೋಡಿ. ಕೇಳಿದ್ದು ಸರಗೂರಿನಲ್ಲಿ ಹುರಿಹಿಟ್ಟು ಕೊಳ್ಳದವರನ್ನ. ಕೇಳಿದ್ದು ಯಾವುದು ಚೆಂದ ಅಂತ. ಚೆಂದ ಅನ್ನೋಕೆ ಯಾರ ಜೇಬಿಂದಲೂ ಒಂದು ರೂಪಾಯಿ ಹೋಗಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಮ್ಮಾರನನ್ನ ಕೇಳಿರಲಿಲ್ಲ.

ನಮ್ಮ ಕತೆಯ ಕಮ್ಮಾರ ಅಂದ್ರೆ ಅಂಗಡಿಯವರು. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಬೆಳಗ್ಗೆ ಪೂರ್ತಿ ಪರಿಚಯದ ಅಂಗಡೀಲಿ ಕೂತೆ. ಪೌಚುಗಳು ಒಳಗೆ ಬಾಕ್ಸಿನಲ್ಲೇ ಇದ್ದವು. "ನಿಂತ್ಕೊಳ್ಳೋ ಪ್ಯಾಕೆಟ್ಟಿಗೆ ಜಾಗ ಬೇಕಲ್ವಾ? ನಂದೇನಿದ್ರೂ ನೇತಾಕೋ ಅಂಗಡಿ. ಕಣ್ಣಿಗೆ ಬಿದ್ರೆ ತಾನೇ ಕೇಳೋದು?" ಅಂದ್ರು ಅವರು. ಬಂದ ಇಬ್ಬರು ಹೆಂಗಸರು ಪೌಚ್ ಕೈಗೆ ತಗೊಂಡು ತಿರುಗಿಸಿ ನೋಡಿದ್ರು. "ಹಿಟ್ಟು ಎಲ್ಲಿ ಕಾಣ್ತದೆ?" ಅಂದು ವಾಪಸ್ ಇಟ್ಟರು.

ಅತ್ತಿಗೆ ಈಗ ಮೇಲೊಂದು ತೂತು ಹೊಡೆದ ಮಾಮೂಲಿ ಕವರ್ ಹಾಕ್ತಾರೆ. ಅಂಗಡೀಲಿ ಮುಂದೆಯೇ ನೇತಾಡುತ್ತೆ. ಉಳಿದ ಪೌಚುಗಳನ್ನ ಬೆಂಗಳೂರಿಗೆ ತಂದು, ಫಾರ್ಮಿನಲ್ಲಿ ಪೌಚೇ ಚೆಂದ ಅಂದವರಿಗೆ ಮಾರ್ತಾ ಇದ್ದೀನಿ. ನಿಮಗೂ ಬೇಕಾದ್ರೆ ಹೇಳಿ, ಇನ್ನೂ ಇನ್ನೂರು ಚಿಲ್ಲರೆ ಇವೆ.