ಕರೆಂಟ್ 'ಸುಲಭದ ದಾರಿ'ಯಲ್ಲಿ ಮಾತ್ರ ಹರಿಯುತ್ತದೆಯೇ? ಮೆಶ್ ವಿಶ್ಲೇಷಣೆ ಹೇಳುವುದೇನು?

"ವಿದ್ಯುತ್ ಯಾವಾಗಲೂ ರೋಧ ಕಡಿಮೆ ಇರುವ ದಾರಿಯನ್ನೇ ಹಿಡಿಯುತ್ತದೆ. ಮನೆಗೆ ಅರ್ಥಿಂಗ್ ಇದ್ದರೆ ಶಾಕ್ ಹೊಡೆಯುವುದಿಲ್ಲ." ಇಂಥ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದು ಅರ್ಧ ಸತ್ಯ, ಮತ್ತು ಅಪಾಯಕಾರಿ ಅರ್ಧ ಸತ್ಯ. ನಂಬಬೇಕೇ ಬೇಡವೇ ಎಂದು ವಾದಿಸುವ ಬದಲು ನಾವು ಲೆಕ್ಕವನ್ನೇ ಮಾಡಿ ನೋಡೋಣ.

ಒಂದು ಪುಟ್ಟ ಸರ್ಕ್ಯೂಟ್ ಕಲ್ಪಿಸಿಕೊಳ್ಳಿ. ಪಕ್ಕಪಕ್ಕದಲ್ಲಿ ಎರಡು ಕಿಟಕಿ. ಎಡಗಡೆಯ ಕಂಬದಲ್ಲಿ 12 ವೋಲ್ಟ್ ಬ್ಯಾಟರಿ, ಎಡ ಕಿಟಕಿಯ ಮೇಲಂಚಿನಲ್ಲಿ 2 ಓಮ್, ನಡುವಿನ ಕಂಬದಲ್ಲಿ 3 ಓಮ್, ಬಲಗಡೆಯ ಕಂಬದಲ್ಲಿ 6 ಓಮ್. ಈ ಒಂದೊಂದು ಕಿಟಕಿಯೂ ಒಂದು 'ಮೆಶ್'. ಎಡಗಡೆ 'ಕ', ಬಲಗಡೆ 'ಖ' ಎಂಬ ಕರೆಂಟ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದೆ ಎಂದುಕೊಳ್ಳಿ. ನಡುಗಂಬದಲ್ಲಿ ಅವೆರಡೂ ಎದುರುಬದುರಾಗಿ ಹರಿಯುವುದರಿಂದ ಅಲ್ಲಿ ಉಳಿಯುವುದು ಕ − ಖ. ಇನ್ನು ಬೇಕಿರುವುದು ಕಿರ್ಚಾಫ್ 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಹೇಳಿದ ನಿಯಮ: ಒಂದು ಸುತ್ತು ಪೂರ್ತಿ ಬಂದರೆ ವೋಲ್ಟೇಜ್‌ಗಳ ಏರಿಳಿತದ ಮೊತ್ತ ಸೊನ್ನೆ.

ಎಡ ಸುತ್ತು: 2ಕ + 3(ಕ − ಖ) = 12
ಬಲ ಸುತ್ತು: 6ಖ + 3(ಖ − ಕ) = 0

ಎರಡನೆಯದರಿಂದ ಕ = 3ಖ. ಅದನ್ನು ಮೊದಲನೆಯದಕ್ಕೆ ಹಾಕಿದರೆ ಖ = 1, ಕ = 3 ಆಂಪಿಯರ್. ಅಂದರೆ 3 ಓಮ್ ದಾರಿಯಲ್ಲಿ 2 ಆಂಪಿಯರ್, 6 ಓಮ್ ದಾರಿಯಲ್ಲಿ 1 ಆಂಪಿಯರ್. ಕಷ್ಟದ ದಾರಿಯೂ ಖಾಲಿ ಉಳಿಯಲಿಲ್ಲ. ಕರೆಂಟ್ ಇರುವ ಎಲ್ಲ ದಾರಿಗಳಲ್ಲೂ ಹಂಚಿಕೊಂಡು ಹರಿಯುತ್ತದೆ, ರೋಧ ಕಡಿಮೆ ಇದ್ದಲ್ಲಿ ಹೆಚ್ಚು, ಅಷ್ಟೇ.

ಈಗ ಅದೇ ಎರಡು ಕಿಟಕಿಗೆ ಮನೆಯ ಗೀಸರ್ ಬರಲಿ. ಬ್ಯಾಟರಿ ಜಾಗದಲ್ಲಿ 230 ವೋಲ್ಟ್, ವೈರಿಂಗ್ 1 ಓಮ್. ಒಳಗೆ ಫೇಸ್ ತಂತಿ ಲೋಹದ ಮೈಗೆ ತಾಗಿದೆ. ನಡುಗಂಬದಲ್ಲಿ ಅರ್ಥಿಂಗ್, ಆದರೆ ಗುಂಡಿ ಒಣಗಿ ಅದರ ರೋಧ 22 ಓಮ್ ಆಗಿದೆ. ಬಲಗಡೆ ಬರಿಗಾಲಲ್ಲಿ ನಿಂತು ಗೀಸರ್ ಮುಟ್ಟಿದ ಮನುಷ್ಯ. ಒದ್ದೆ ಮೈಗೆ ಸುಮಾರು 1000 ಓಮ್ ಎಂದು ಹಿಡಿಯೋಣ.

ಕ + 22(ಕ − ಖ) = 230
1000ಖ + 22(ಖ − ಕ) = 0

ಬಿಡಿಸಿದರೆ ಕ ಸುಮಾರು 10.2 ಆಂಪಿಯರ್, ಖ ಸುಮಾರು 0.22 ಆಂಪಿಯರ್. ನೂರರಲ್ಲಿ 98 ಪಾಲು ಅರ್ಥಿಂಗ್‌ನಲ್ಲೇ ಹೋಯಿತು, ನಿಜ. ಆದರೆ ಉಳಿದ 220 ಮಿಲಿಆಂಪಿಯರ್ ಮನುಷ್ಯನ ಮೂಲಕ ಹರಿಯಿತು. ಹೃದಯದ ಬಡಿತ ತಪ್ಪಿಸಲು 50 ಮಿಲಿಆಂಪಿಯರ್ ಕೆಲವು ಸೆಕೆಂಡು ಹರಿದರೂ ಸಾಕಾಗಬಹುದು. ನಮಗೆ ಹೆಚ್ಚು ಕಳವಳ ತಂದದ್ದು ಮೊದಲ ಸಂಖ್ಯೆ: 10.2 ಆಂಪಿಯರ್‌ಗೆ 16 ಆಂಪಿಯರ್‌ನ ಎಂಸಿಬಿ ಕದಲುವುದೇ ಇಲ್ಲ!

ಹಾಗಾದರೆ ಅರ್ಥಿಂಗ್ ವ್ಯರ್ಥವೇ? ಖಂಡಿತ ಅಲ್ಲ. ಅದರ ರೋಧ 1 ಓಮ್ ಇದ್ದಿದ್ದರೆ ಕ ಸುಮಾರು 115 ಆಂಪಿಯರ್‌ಗೆ ಏರಿ ಎಂಸಿಬಿ ಬೇಗನೆ ಬೀಳುತ್ತಿತ್ತು. ಒಳ್ಳೆಯ ಅರ್ಥಿಂಗ್ ಕಾಪಾಡುವುದು ಹೀಗೆ, ಸ್ವಿಚ್ ಬೀಳಿಸುವ ಮೂಲಕ.

ಆರ್‌ಸಿಸಿಬಿಯ ಕೆಲಸ ಬೇರೆ. ಅದು ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಹೋಲಿಸುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಬೀಳುವ ಈ ಸಾಧನ, ಮೇಲಿನ ಗೀಸರ್ ಕೆಟ್ಟ ಕ್ಷಣದಲ್ಲೇ, ಯಾರೂ ಮುಟ್ಟುವ ಮೊದಲೇ ಸಂಪರ್ಕ ಕಡಿಯುತ್ತಿತ್ತು. ನಿಮ್ಮ ಬೋರ್ಡಿನಲ್ಲಿ ಇದ್ದರೆ ಅದರ ಮೇಲಿರುವ 'ಟೆಸ್ಟ್' ಗುಂಡಿಯನ್ನು ಇವತ್ತೇ ಒತ್ತಿ ನೋಡಿ. ಮನೆಯ ಕರೆಂಟ್ ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.