ಥಟ್ಟನೆ ಹೊಳೆದ ತೀರ್ಮಾನಕ್ಕೆ ಬೆಲೆ ಎಷ್ಟು? ಅಂತಃಪ್ರಜ್ಞೆಯ ಸಂಶೋಧನೆಯ ಚರಿತ್ರೆ

ಮನಸ್ಸಿನಲ್ಲಿ ವೇಗದ ಯೋಚನೆಯೊಂದು, ನಿಧಾನದ ಯೋಚನೆಯೊಂದು ಇವೆ ಎಂಬ ಮಾತು ಇಂದು ಮ್ಯಾನೇಜ್‌ಮೆಂಟ್ ತರಗತಿಗಳಿಂದ ಪತ್ರಿಕೆಗಳ ಅಂಕಣದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಅದನ್ನು ಮನೆಮಾತಾಗಿಸಿದ್ದು 2011ರಲ್ಲಿ ಬಂದ ಡೇನಿಯಲ್ ಕಾನೆಮನ್ ಅವರ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’. ಥಟ್ಟನೆ ಹೊಳೆದದ್ದನ್ನು ನಂಬಬೇಡಿ, ಕೂತು ಯೋಚಿಸಿ ಎಂಬುದೇ ಆ ಪುಸ್ತಕದ ಸಾರವೆಂದು ಬಹಳ ಜನ ತಿಳಿದಿದ್ದಾರೆ. ಈ ವಿಷಯದ ಸಂಶೋಧನೆಯನ್ನು ಮೊದಲಿನಿಂದ ಕಾಲಕ್ರಮದಲ್ಲಿ ಓದುತ್ತ ಬಂದರೆ ಬೇರೆಯೇ ಅರ್ಥ ಹೊರಡುತ್ತದೆ. ತೀರ್ಮಾನ ಎಷ್ಟು ಬೇಗ ಬಂತು ಎಂಬುದಕ್ಕಿಂತ, ಅದು ಎಂಥ ಕೆಲಸದಲ್ಲಿ ಪಳಗಿದ ಮನಸ್ಸಿನಿಂದ ಬಂತು, ಯಾವ ಹಂತದಲ್ಲಿ ಬಂತು ಎಂಬುದು ಮುಖ್ಯವಾಗಿ ಕಾಣುತ್ತದೆ.

ವೇಗದ ಯೋಚನೆಯನ್ನು ಮೆಚ್ಚುಗೆಯಿಂದ ನೋಡಿದ ಪರಂಪರೆಯೇ ಹಳೆಯದು. ನೆದರ್ಲೆಂಡ್ಸ್‌ನ ಆಡ್ರಿಯಾನ್ ಡಿ ಗ್ರೂಟ್ ಮನೋವಿಜ್ಞಾನಿಯೂ ಹೌದು, ತಮ್ಮ ದೇಶದ ಪರ ಚೆಸ್ ಒಲಿಂಪಿಯಾಡ್ ಆಡಿದವರೂ ಹೌದು. ಆಟಗಾರರು ಯೋಚಿಸುವಾಗ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುವಂತೆ ಮಾಡಿ, ಅದನ್ನು ದಾಖಲಿಸಿ, 1946ರಲ್ಲಿ ಅವರು ಪ್ರಬಂಧ ಬರೆದರು. ಗ್ರ್ಯಾಂಡ್‌ಮಾಸ್ಟರ್‌ಗಳು ಉಳಿದ ಒಳ್ಳೆಯ ಆಟಗಾರರಿಗಿಂತ ಬಹಳ ಮುಂದಿನ ನಡೆಗಳವರೆಗೆ ಲೆಕ್ಕ ಹಾಕುತ್ತಿರಲಿಲ್ಲ. ಒಳ್ಳೆಯ ನಡೆ ಅವರ ಕಣ್ಣಿಗೆ ಮೊದಲೇ ಬೀಳುತ್ತಿತ್ತು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದರ ಕಾರಣ ಹುಡುಕಿದರು. ನಿಜವಾದ ಆಟವೊಂದರ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರ ಹೆಚ್ಚಿನ ಕಾಯಿಗಳನ್ನು ಮತ್ತೆ ಸರಿಯಾದ ಜಾಗದಲ್ಲಿಡುತ್ತಿದ್ದ. ಹೊಸಬನಿಗೆ ನಾಲ್ಕೈದು ನೆನಪಾದರೆ ಹೆಚ್ಚು. ಕಾಯಿಗಳನ್ನು ಅಡ್ಡಾದಿಡ್ಡಿ ಹರಡಿ ತೋರಿಸಿದಾಗ ಈ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಪರಿಣತನ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ. ಸಾವಿರಾರು ಆಟಗಳಲ್ಲಿ ಕಂಡ ವಿನ್ಯಾಸಗಳು ಅವನ ಮನಸ್ಸಿನಲ್ಲಿ ನೆಲೆನಿಂತಿದ್ದವು, ಕಂಡೊಡನೆ ಗುರುತು ಹತ್ತುತ್ತಿತ್ತು. ಅಂತಃಪ್ರಜ್ಞೆ ಎಂದರೆ ಈ ಗುರುತು ಹಿಡಿಯುವಿಕೆಯೇ ಎಂದು ಸೈಮನ್ ಕೊನೆಯವರೆಗೂ ವಾದಿಸಿದರು. ಈ ವಿಷಯದಲ್ಲಿ ಅದಕ್ಕಿಂತ ಸರಳವಾದ, ಗಟ್ಟಿಯಾದ ವಿವರಣೆ ನನಗೆ ಕಂಡಿಲ್ಲ.

ಅನುಮಾನದ ಪರಂಪರೆ ಆರಂಭವಾದದ್ದು ಅಮೆರಿಕದ ಮಿನ್ನೆಸೋಟದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಪಾಲ್ ಮೀಲ್ ಸ್ವತಃ ರೋಗಿಗಳನ್ನು ನೋಡುತ್ತಿದ್ದ ಮನೋಚಿಕಿತ್ಸಕ. 1954ರ ಪುಟ್ಟ ಪುಸ್ತಕವೊಂದರಲ್ಲಿ ಅವರು, ಅನುಭವಿ ತಜ್ಞರು ಹೇಳಿದ ಭವಿಷ್ಯವನ್ನೂ ಕೆಲವೇ ಅಂಕಿಅಂಶಗಳ ಸೂತ್ರ ಹೇಳಿದ ಭವಿಷ್ಯವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಸುಮಾರು ಇಪ್ಪತ್ತು ಅಧ್ಯಯನಗಳನ್ನು ಪರಿಶೀಲಿಸಿದರು. ವಿದ್ಯಾರ್ಥಿಯ ಅಂಕ, ಪೆರೋಲ್ ಮೇಲೆ ಹೊರಬಂದ ಕೈದಿಯ ನಡತೆ ಮುಂತಾದ ವಿಷಯಗಳಲ್ಲಿ ಸೂತ್ರ ತಜ್ಞರಿಗೆ ಸಮನಾಗಿತ್ತು, ಇಲ್ಲವೇ ಅವರನ್ನು ಮೀರಿಸಿತ್ತು. 2000ದಲ್ಲಿ ಮಿನ್ನೆಸೋಟದವರೇ 136 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ತಜ್ಞರು ಸ್ಪಷ್ಟವಾಗಿ ಗೆದ್ದದ್ದು ಎಂಟರಲ್ಲಿ ಮಾತ್ರ.

ಮೀಲ್ ಅವರ ಪುಸ್ತಕ ಹೊರಬಂದ ಮರುವರ್ಷವೇ ಅದರ ಪರೀಕ್ಷೆ ಇಸ್ರೇಲಿನ ಸೇನೆಯಲ್ಲಿ ನಡೆಯಿತು. ಈ ಚರಿತ್ರೆಯಲ್ಲಿ ಅತ್ಯಂತ ಫಲವತ್ತಾದ ಪ್ರಸಂಗ ಇದೇ ಎಂಬುದು ನನ್ನ ಅಭಿಪ್ರಾಯ. ಕಾನೆಮನ್ ಆಗ 21 ವರ್ಷದ ಲೆಫ್ಟಿನೆಂಟ್. ಹೊಸದಾಗಿ ಸೇರುವ ಸೈನಿಕರ ಸಂದರ್ಶನ ವಿಧಾನವನ್ನು ಸುಧಾರಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಅಲ್ಲಿಯವರೆಗೆ ಸಂದರ್ಶಕರು ಹದಿನೈದಿಪ್ಪತ್ತು ನಿಮಿಷ ಮಾತಾಡಿಸಿ, ಈ ಹುಡುಗ ಸೇನೆಗೆ ಆಗುತ್ತಾನೋ ಇಲ್ಲವೋ ಎಂದು ಮನಸ್ಸಿಗೆ ಬಂದ ಅಭಿಪ್ರಾಯವನ್ನು ಬರೆಯುತ್ತಿದ್ದರು. ಆ ಅಭಿಪ್ರಾಯಕ್ಕೂ ಮುಂದೆ ಸೈನಿಕ ಹೇಗೆ ಕೆಲಸ ಮಾಡಿದ ಎಂಬುದಕ್ಕೂ ಬಹುತೇಕ ಸಂಬಂಧವೇ ಇರಲಿಲ್ಲ. ಕಾನೆಮನ್ ಆರು ಗುಣಗಳನ್ನು ಆರಿಸಿದರು. ಹೊಣೆಗಾರಿಕೆ, ಜನರೊಡನೆ ಬೆರೆಯುವಿಕೆ ಅವುಗಳಲ್ಲಿ ಸೇರಿದ್ದವು. ಹಿಂದೆ ಎಲ್ಲಿ ಕೆಲಸ ಮಾಡಿದ್ದ, ಸಮಯಕ್ಕೆ ಸರಿಯಾಗಿ ಹೋಗುತ್ತಿದ್ದನೇ, ಗೆಳೆಯರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದ, ಯಾವ ಆಟ ಆಡುತ್ತಿದ್ದ ಎಂಬಂಥ ಗಟ್ಟಿ ಸಂಗತಿಗಳನ್ನಷ್ಟೇ ಕೇಳಬೇಕು, ಒಂದು ಗುಣಕ್ಕೆ ಐದರಲ್ಲಿ ಅಂಕ ಕೊಟ್ಟ ಮೇಲೆಯೇ ಮುಂದಿನದಕ್ಕೆ ಹೋಗಬೇಕು, ಒಟ್ಟು ಯೋಗ್ಯತೆಯ ಗೊಡವೆಗೆ ಹೋಗಬಾರದು ಎಂದು ಕಟ್ಟುಪಾಡು ಮಾಡಿದರು.

ಸಂದರ್ಶಕರು ಸಿಟ್ಟಾದರು. ತಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದೀರಿ ಎಂದು ದೂರಿದರು. ಅವರ ಮಾತಿಗೆ ಮಣಿದು ಕಾನೆಮನ್ ಒಂದು ಕೊನೆಯ ಹೆಜ್ಜೆ ಸೇರಿಸಿದರು: ಆರೂ ಅಂಕ ಕೊಟ್ಟಾದ ಮೇಲೆ ಕಣ್ಣು ಮುಚ್ಚಿ, ಆ ಯುವಕನನ್ನು ಸೈನಿಕನಾಗಿ ಊಹಿಸಿಕೊಂಡು, ಒಂದು ಒಟ್ಟು ಅಂಕ ಕೊಡಿ. ಕೆಲವು ತಿಂಗಳ ನಂತರ ಲೆಕ್ಕ ಸಿಕ್ಕಿತು. ಹೊಸ ಕ್ರಮ ಹಳೆಯದಕ್ಕಿಂತ ಎಷ್ಟೋ ಮೇಲಾಗಿತ್ತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿ ಭವಿಷ್ಯ ಹೇಳಿತ್ತು! ಅದೇ ಸಂದರ್ಶಕರು ಮೊದಲೇ ಅಭಿಪ್ರಾಯ ಕಟ್ಟಿಕೊಂಡಾಗ ಅದಕ್ಕೆ ಬೆಲೆಯಿರಲಿಲ್ಲ. ಸಂಗತಿಗಳನ್ನು ಒಂದೊಂದಾಗಿ ಅಳೆದ ಮೇಲೆ ಮನಸ್ಸಿಗೆ ಬಂದದ್ದಕ್ಕೆ ಬೆಲೆ ಬಂತು.

ಮುಂದಿನ ದಶಕಗಳ ಕಥೆ ಹೆಚ್ಚು ಪರಿಚಿತ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಕಾನೆಮನ್ ಮತ್ತು ಆಮೊಸ್ ಟ್ವೆರ್ಸ್ಕಿ ಜೊತೆಗೂಡಿದರು. 1971ರ ಅವರ ಮೊದಲ ಲೇಖನ, ಸಂಖ್ಯಾಶಾಸ್ತ್ರ ಬಲ್ಲ ಸಂಶೋಧಕರೂ ಸಣ್ಣ ಸ್ಯಾಂಪಲ್‌ಗಳನ್ನು ಅತಿಯಾಗಿ ನಂಬುತ್ತಾರೆಂದು ತೋರಿಸಿತು; 1974ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನ ಅವರನ್ನು ಜಗತ್ತಿಗೆ ಪರಿಚಯಿಸಿತು. ಬ್ರಿಟನ್‌ನಲ್ಲಿ ಪೀಟರ್ ವೇಸನ್, ಜೊನಾಥನ್ ಇವಾನ್ಸ್ ತರ್ಕದ ಒಗಟುಗಳ ಮೂಲಕ ಎರಡು ಬಗೆಯ ಯೋಚನೆಯ ಸಿದ್ಧಾಂತ ಕಟ್ಟಿದರು. ವೇಗದ ಯೋಚನೆಗೆ ‘ಸಿಸ್ಟಂ 1’, ನಿಧಾನದ ಯೋಚನೆಗೆ ‘ಸಿಸ್ಟಂ 2’ ಎಂಬ ಹೆಸರುಗಳು ಕಾನೆಮನ್ ಅವರವಲ್ಲ. ಕೀತ್ ಸ್ಟನೊವಿಚ್ ಮತ್ತು ರಿಚರ್ಡ್ ವೆಸ್ಟ್ ಬಳಸಿದ ಹೆಸರುಗಳನ್ನು ಅವರು ಎರವಲು ಪಡೆದರು.

ಇತ್ತ 1980ರ ದಶಕದಲ್ಲಿ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಅಮೆರಿಕದ ಅಗ್ನಿಶಾಮಕ ದಳದ ಮುಖ್ಯಸ್ಥರ ಬೆನ್ನು ಹತ್ತಿದರು. ಎರಡು ಆಯ್ಕೆಗಳನ್ನಾದರೂ ತೂಗಿ ನೋಡುತ್ತಾರೆಂದು ಅವರು ಎಣಿಸಿದ್ದರು. ಮುಖ್ಯಸ್ಥರು ಹೆಚ್ಚಿನ ಸಲ ಒಂದೇ ಉಪಾಯ ಹೊಳೆಸಿಕೊಂಡು, ಅದು ನಡೆಯುತ್ತದೆಯೇ ಎಂದು ಮನಸ್ಸಿನಲ್ಲೇ ಓಡಿಸಿ ನೋಡಿ ಕೆಲಸಕ್ಕಿಳಿಯುತ್ತಿದ್ದರು. ಮನೆಯೊಂದರ ಅಡುಗೆಮನೆಯ ಬೆಂಕಿಗೆ ನೀರು ಹಾಯಿಸುತ್ತಿದ್ದ ತಂಡದ ಮುಖ್ಯಸ್ಥನೊಬ್ಬ ಇದ್ದಕ್ಕಿದ್ದಂತೆ ಎಲ್ಲರನ್ನೂ ಹೊರಗೆ ಕರೆದ. ಕೂಡಲೇ ಅವರು ನಿಂತಿದ್ದ ನೆಲ ಕುಸಿಯಿತು. ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ. ಆತ ಅದನ್ನು ಅತೀಂದ್ರಿಯ ಶಕ್ತಿ ಎಂದೇ ನಂಬಿದ್ದ. ಕ್ಲೈನ್ ವಿವರವಾಗಿ ಕೇಳಿದಾಗ, ಕೋಣೆಯ ಸೆಕೆ ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ಬೆಂಕಿಯ ಸದ್ದು ಕಡಿಮೆಯಿತ್ತು, ನೀರಿಗೆ ಬೆಂಕಿ ಬಗ್ಗಿರಲಿಲ್ಲ ಎಂಬುದು ಹೊರಬಂತು. ಅವನು ಬಲ್ಲ ಯಾವ ವಿನ್ಯಾಸಕ್ಕೂ ಇದು ಹೊಂದಿರಲಿಲ್ಲ.

ಇಷ್ಟು ದೂರ ನಿಂತಿದ್ದ ಕಾನೆಮನ್ ಮತ್ತು ಕ್ಲೈನ್ ಹಲವು ವರ್ಷ ಚರ್ಚಿಸಿ 2009ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಜಂಟಿ ಲೇಖನ ಬರೆದರು. ಹೊಳಹನ್ನು ನಂಬಲು ಎರಡು ಷರತ್ತು: ಆ ಕ್ಷೇತ್ರದಲ್ಲಿ ಸ್ಥಿರವಾದ ಸುಳಿವುಗಳಿರಬೇಕು, ಅವನ್ನು ಕಲಿಯಲು ಸಾಕಷ್ಟು ಅಭ್ಯಾಸವೂ ಸರಿತಪ್ಪು ಬೇಗ ತಿಳಿಯುವ ಅವಕಾಶವೂ ಇರಬೇಕು. ಚೆಸ್‌ನಲ್ಲಿ, ಬೆಂಕಿ ಆರಿಸುವಲ್ಲಿ ಇವೆರಡೂ ಇವೆ. ಷೇರು ಆರಿಸುವಲ್ಲಿ, ದೀರ್ಘಾವಧಿಯ ರಾಜಕೀಯ ಭವಿಷ್ಯ ಹೇಳುವಲ್ಲಿ ಇಲ್ಲ. ಹೇಳುವವರ ಆತ್ಮವಿಶ್ವಾಸ ಮಾತ್ರ ಎರಡೂ ಕಡೆ ಒಂದೇ ತೆರನಾಗಿರಬಹುದು. ಆದ್ದರಿಂದ ಅದನ್ನು ಸಾಕ್ಷ್ಯವೆಂದು ಒಪ್ಪಲಾಗದು ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಈ ಪರಂಪರೆಯ ಎಲ್ಲ ಭಾಗವೂ ಕಾಲದ ಪರೀಕ್ಷೆಯಲ್ಲಿ ಉಳಿದಿಲ್ಲ. ತೊಡಕಿನ ಆಯ್ಕೆಗಳನ್ನು ಯೋಚಿಸದೆ ಬಿಟ್ಟರೇ ಒಳ್ಳೆಯದು ಎಂದ 2006ರ ಡಚ್ ಸಂಶೋಧನೆಯನ್ನು 2015ರ ದೊಡ್ಡ ಮರುಪ್ರಯೋಗ ಎತ್ತಿಹಿಡಿಯಲಿಲ್ಲ. ಕಾನೆಮನ್ ಪುಸ್ತಕದ ಒಂದು ಅಧ್ಯಾಯ ಆಧರಿಸಿದ್ದ ‘ಪ್ರೈಮಿಂಗ್’ ಪ್ರಯೋಗಗಳಲ್ಲಿ (ಮೊದಲು ಕಂಡ ಸಣ್ಣ ಸುಳಿವು ಅರಿವಿಲ್ಲದೆಯೇ ನಂತರದ ನಡವಳಿಕೆಯನ್ನು ಬದಲಿಸುತ್ತದೆ ಎಂದವು) ಹಲವು ಕೂಡ ಹಾಗೆಯೇ ಬಿದ್ದುಹೋದವು. ಸಣ್ಣ ಸ್ಯಾಂಪಲ್‌ಗಳ ಅಧ್ಯಯನಗಳನ್ನು ತಾನು ಅತಿಯಾಗಿ ನಂಬಿದ್ದೆ ಎಂದು ಅವರು 2017ರಲ್ಲಿ ಬಹಿರಂಗವಾಗಿ ಬರೆದರು. 1971ರಲ್ಲಿ ಟ್ವೆರ್ಸ್ಕಿಯೊಡನೆ ಅವರು ಎಚ್ಚರಿಸಿದ್ದು ಇದೇ ತಪ್ಪಿನ ಬಗ್ಗೆ.